ಗುರುತು ಬದಲಾದ ಸರ್ವರ್

"ಈ ಕಳ್ಳಿಯನ್ನ ಪೊಲೀಸರಿಗೆ ಒಪ್ಪಿಸಿ" ಎಂದು ಮ್ಯಾನೇಜರ್ ವಿಬಿಸೊನೊ ನಿಂಗ್ರುಮ್ ಕಡೆ ಬೆರಳು ತೋರಿಸಿ ಅಬ್ಬರಿಸುತ್ತಿದ್ದಾಗ ನಾನಿನ್ನೂ ಹೆಗಲಿನ ಚೀಲ ಇಳಿಸಿರಲಿಲ್ಲ. ಲೆಬಾರನ್, ಅಂದರೆ ಈದ್ ಹಬ್ಬಕ್ಕೆ ಊರಿಗೆ ಹೋದವನು ಆಗಷ್ಟೇ ಸುರಬಾಯಕ್ಕೆ ಮರಳಿದ್ದೆ. ಹಬ್ಬ ಮುಗಿಸಿ ಬಂದವರೆಲ್ಲ ಕೈ ಹಿಡಿದು ಪರಸ್ಪರ ಕ್ಷಮೆ ಕೇಳಬೇಕಾದ ದಿನ ಅದು. ನಮ್ಮ ಸರಕು ಕಚೇರಿಯಲ್ಲಿ ಮಾತ್ರ ಒಬ್ಬರನ್ನೊಬ್ಬರು ಹರಿದು ತಿನ್ನುವಂತೆ ನೋಡುತ್ತಿದ್ದರು.

ರಜೆಯಲ್ಲಿ ನಮ್ಮ ಅಂಗಳದಿಂದ ಮೊಬೈಲ್ ತುಂಬಿದ ಕಂಟೇನರ್ ಮಾಯವಾಗಿತ್ತು. ಅದನ್ನು ಬಿಡುವ ಆಜ್ಞೆ ಜಕಾರ್ತಾದ ಸರ್ವರಿನಿಂದ ಬಂದಿತ್ತು, ನಿಂಗ್ರುಮಳ ಪಾಸ್‌ವರ್ಡಿನಲ್ಲಿ. ರಜೆಯಲ್ಲೂ ಕೆಲಸಕ್ಕಿದ್ದವರು ಮೂವರೇ: ಸರ್ವರಿಗೆ ಆಜ್ಞೆ ಕೊಡುವ ನಿಂಗ್ರುಮ್, ನೆಟ್‌ವರ್ಕ್ ನೋಡಿಕೊಳ್ಳುವ ದರ್ಮಾಜಿ, ಗೇಟಿನ ಕುಂಚೊರೊ.

"ಪರದೆ ಮೇಲೆ ಆಜ್ಞೆ ಬಂತು, ಗೇಟು ತೆಗ್ದೆ. ನನ್ನ ಯಾಕೆ ಗುರಾಯಿಸ್ತೀರಿ?" ಎಂದ ಕುಂಚೊರೊ.

ಕಂಪನಿಯ ಪತ್ತೇದಾರಿಣಿ ಸುಲಸ್ತ್ರಿ ಅವನನ್ನು ಬಿಟ್ಟು ನಿಂಗ್ರುಮ್ ಕಡೆ ತಿರುಗಿದರು. ನಾನು, ಜತ್ಮಿಕೊ, ಅವರ ಸಹಾಯಕ.

"ಆ ದಿನ ವಿಚಿತ್ರ ಏನಾದ್ರೂ ಆಯ್ತೇನಮ್ಮ?"

"ಸರ್ವರಿಗೆ ಸೇರ್ಕೊಳೋವಾಗ ಎಚ್ಚರಿಕೆ ಬಂತು, ಬು." ನಮ್ಮಲ್ಲಿ ಹಿರಿಯ ಹೆಂಗಸರಿಗೆ ಬು, ಗಂಡಸರಿಗೆ ಪಾಕ್ ಎನ್ನುವುದು ಗೌರವ. " ಸರ್ವರಿನ ಗುರುತು ಬದಲಾಗಿದೆ, ನಡುವೆ ಯಾರೋ ಕೂತಿರಬಹುದು ಅಂತ. ಭಯ ಆಗಿ ಪಾಕ್ ದರ್ಮಾಜಿಗೆ ಫೋನ್ ಮಾಡ್ದೆ. ಹಳೇ ಗುರುತು ಅಳಿಸು, ಹೊಸದನ್ನ ಒಪ್ಕೋ ಅಂದ್ರು. ಹಾಗೇ ಮಾಡಿ ಪಾಸ್‌ವರ್ಡ್ ಹಾಕ್ದೆ. ಮಾರನೇ ದಿನ ಮತ್ತೆ ಅದೇ ಎಚ್ಚರಿಕೆ. ಮತ್ತೆ ಅಳಿಸ್ದೆ."

"ಅದರಲ್ಲೇನಿದೆ?" ದರ್ಮಾಜಿ ಸಿಡುಕಿದ. "ರಜೇಲಿ ಆ ಸರ್ವರನ್ನ ಇಲ್ಲಿಂದ್ಲೇ ನನ್ನ ಕೈಯಾರೆ ಹೊಸದಾಗಿ ಕಟ್ಟಿದೀನಿ. ಗುರುತು ಬದಲಾಗದೆ ಇರತ್ತಾ? ಕದ್ದೋಳು ಕಥೆ ಕಟ್ತಾಳೆ."

ನನಗೆ ಮೈಯೆಲ್ಲ ಉರಿಯಿತು. ಸುಲಸ್ತ್ರಿ ಮಾತ್ರ, "ಜತ್ಮಿಕೊ, ನಿನ್ನ ಲ್ಯಾಪ್‌ಟಾಪ್ ತೆಗಿ. ಹಬ್ಬಕ್ಕೆ ಮುಂಚೆ ಮುಚ್ಚಿದ್ದು ತಾನೇ? ಆ ಸರ್ವರಿಗೆ ಸೇರ್ಕೋ" ಎಂದರು. ಸೇರಿಕೊಂಡೆ. ಅದು ತೆಪ್ಪಗೆ ಪಾಸ್‌ವರ್ಡ್ ಕೇಳಿತು. ಅವರು ಪಕ್ಕದ ಕೋಣೆಗೆ ಹೋಗಿ ಜಕಾರ್ತಾಕ್ಕೆ ಫೋನ್ ಮಾಡಿ ಬಂದು, ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿದರು.

"ಪ್ರತಿ ಸರ್ವರಿಗೂ ಅದರದೇ ಗುರುತು ಇರತ್ತೆ. ಮೊದಲ ಸಲ ಸೇರ್ದಾಗ ನಮ್ಮ ಯಂತ್ರ ಅದನ್ನ ನೆನಪಿಟ್ಕೊಂಡು, ಆಮೇಲೆ ಪ್ರತಿ ಸಲ ಹೋಲಿಸಿ ನೋಡತ್ತೆ. ಸರ್ವರ್ ನಿಜವಾಗ್ಲೂ ಹೊಸದಾಗಿದ್ರೆ ಇವನ ಲ್ಯಾಪ್‌ಟಾಪೂ ಬೊಬ್ಬೆ ಹಾಕ್ಬೇಕಿತ್ತು. ಹಾಕ್ಲಿಲ್ಲ."

"ಅಂದ್ರೆ?" ಎಂದರು ವಿಬಿಸೊನೊ.

"ಅಂದ್ರೆ ಅಲ್ಲಿರೋದು ಅದೇ ಹಳೇ ಸರ್ವರ್. ಜಕಾರ್ತಾದವರೂ ಫೋನಿನಲ್ಲಿ ಗುರುತು ಓದಿ ಹೇಳಿದ್ರು, ಅದೇ. ಮೊದಲ ದಿನ ನಿಂಗ್ರುಮ್ ಪಾಸ್‌ವರ್ಡ್ ಕೊಟ್ಟಿದ್ದು ನಡುವೆ ಕೂರಿಸಿದ ಕಳ್ಳ ಯಂತ್ರಕ್ಕೆ. ಆ ಪಾಸ್‌ವರ್ಡಿನಿಂದ ಕಂಟೇನರ್ ಬಿಡೋ ಆಜ್ಞೆ ಕೊಟ್ಟು, ಕೆಲಸ ಮುಗಿದ ಮೇಲೆ ಆ ಯಂತ್ರಾನ ತೆಗೆದ್ರು. ಅಷ್ಟರಲ್ಲಿ ಇವಳ ಯಂತ್ರ ಕಳ್ಳನ ಗುರುತನ್ನೇ ನಿಜ ಅಂದ್ಕೊಂಡಿತ್ತು. ಅದಕ್ಕೇ ಮಾರನೇ ದಿನ ನಿಜವಾದ ಸರ್ವರನ್ನ ನೋಡಿ ಕೂಗ್ತು."

"ನಾನೇನೋ ಊಹೆ ಮೇಲೆ…" ದರ್ಮಾಜಿಯ ಮಾತು ತೊದಲಿತು.

"ಕೈಯಾರೆ ಕಟ್ಟಿದೆ ಅಂದ್ರಲ್ಲ ಪಾಕ್, ಈಗಷ್ಟೇ? ಕಟ್ಟದೇ ಇದ್ದದ್ದನ್ನ ಕಟ್ಟಿದೆ ಅನ್ನೋ ಸುಳ್ಳು ಕಳ್ಳನನ್ನ ಬಿಟ್ಟು ಇನ್ಯಾರಿಗೆ ಬೇಕು? ನಡುವೆ ಯಂತ್ರ ಕೂರಿಸೋಕೆ ನೆಟ್‌ವರ್ಕಿನ ತಂತಿ ಕೋಣೆಗೇ ಹೋಗ್ಬೇಕು, ಅದರ ಬೀಗದ ಕೈ ಇರೋದೂ ನಿಮ್ಮೊಬ್ಬರ ಹತ್ರವೇ. ಪಾಪ, ಇವಳು ಎಚ್ಚರಿಕೆ ಕಂಡು ವಿಚಾರಿಸಿದ್ಲು. ವಿಚಾರಿಸಿದ್ದು ಕಳ್ಳನನ್ನೇ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ದರ್ಮಾಜಿ ಬಾಗಿಲ ಕಡೆ ಸರಿದ. ಕುಂಚೊರೊ ಅಡ್ಡ ನಿಂತು ಅವನ ಕಾಲರ್ ಹಿಡಿದ.

ವಿಬಿಸೊನೊ ಗಂಟಲು ಸರಿಮಾಡಿಕೊಂಡು, "ಆಯ್ತಮ್ಮ, ನಾಳೆಯಿಂದ ಕೆಲಸಕ್ಕೆ ಬಾ" ಎಂದರು.

ನಿಂಗ್ರುಮ್ ಕದಲಲಿಲ್ಲ. "ಬೆಳಿಗ್ಗೆ ನಮ್ಮಪ್ಪಂಗೆ ಫೋನ್ ಮಾಡಿ ನಿಮ್ಮ ಮಗಳು ಕಳ್ಳಿ ಅಂದ್ರಲ್ಲ, ಪಾಕ್. ಅಪ್ಪ ಆಗಿಂದ ನನ್ನ ಫೋನ್ ತೆಗೀತಿಲ್ಲ. ಈಗ ನೀವೇ ಮಾಡಿ."

ವಿಬಿಸೊನೊ ಫೋನ್ ಕೈಗೆತ್ತಿಕೊಂಡರು. ಆ ಕಡೆ ಫೋನ್ ರಿಂಗಾಗುತ್ತಿದ್ದಷ್ಟು ಹೊತ್ತೂ ಅವಳು ಅವರ ಮುಖದಿಂದ ಕಣ್ಣು ತೆಗೆಯಲಿಲ್ಲ.