ಕೊರಳ ಕೆಳಗಿನ ನೇರಳೆ ಗುರುತು

ನಾಲ್ಕು ವರ್ಷ ಒಂದೇ ಮೇಜಿನ ಆಚೆ ಈಚೆ ಕೆಲಸ ಮಾಡಿದ ಮೇಲೆ ಅವರು ನನ್ನನ್ನು ಮೊದಲ ಸಲ ಮುಟ್ಟಿದ್ದು ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದೂವರೆಗೆ. ಮೂರು ಸೆಕೆಂಡು ಇದ್ದಿರಬಹುದು. ಅಷ್ಟಕ್ಕಾಗಿ ನಾನು ಎಷ್ಟು ದಿನ ಕಾದಿದ್ದೆನೋ ನನಗೇ ಗೊತ್ತಿಲ್ಲ. ಆದರೆ ಆ ಗಳಿಗೆ ಬಂದಾಗ ನಿಲ್ಲದೆ ಓಡಿಹೋದೆ.

ನಮ್ಮದು ಡ್ರೈಕ್ಲೀನಿಂಗ್ ಅಂಗಡಿ. ಮುಂದೆ ಕೌಂಟರು, ಹಿಂದೆ ಯಂತ್ರಗಳು, ನಡುವೆ ಕಿಟಕಿಯ ಪಕ್ಕ ಕಲೆ ತೆಗೆಯುವ ಉದ್ದನೆಯ ಮೇಜು. ಬಂದ ಬಟ್ಟೆಯನ್ನು ಬಿಡಿಸಿ ನೋಡಿ, ಕಲೆ ಇದ್ದಲ್ಲಿ ಸುತ್ತ ಬಿಳಿ ದಾರದಿಂದ ನಾಲ್ಕು ಹೊಲಿಗೆ ಹಾಕಿ, ಯಾತರ ಕಲೆ ಎಂದು ಚೀಟಿ ಬರೆದು ಚುಚ್ಚುವುದು ನನ್ನ ಕೆಲಸ. ಆ ಚೀಟಿ ಓದಿ ಕಲೆ ತೆಗೆಯುವುದು ಅವರ ಕೆಲಸ. ಹಾಗಾಗಿ ಅಂಗಡಿಯಲ್ಲಿ ನಾನು ಚೀಟಿಯಮ್ಮ, ಅವರು ಕಲೆ ಮೇಷ್ಟ್ರು. ಆ ಹೆಸರು ಕೇಳಿದ ಹೊಸ ಗಿರಾಕಿಯೊಬ್ಬರು ತಮ್ಮ ಮಗಳನ್ನು ಚಿತ್ರದ ಕ್ಲಾಸಿಗೆ ಸೇರಿಸಲು ಬಂದದ್ದೂ ಉಂಟು.

ಅವರಿಗೆ ಐವತ್ತು, ನನಗೆ ನಲವತ್ತಾರು. ಅವರ ಮದುವೆ ಎಂದೋ ಮುರಿದಿತ್ತು. ನನ್ನದು ಆಗಲೇ ಇಲ್ಲ. ನಮ್ಮ ನಡುವೆ ಇದ್ದದ್ದೆಲ್ಲ ಚೀಟಿಗಳ ಮೇಲೆಯೇ. ನಾನು ‘ಕಾಫಿ’ ಎಂದು ಬರೆದರೆ ಅವರು ಅದರ ಕೆಳಗೆ ‘ಗಂಡ ಹೇಳಿದ್ದು ಕಾಫಿ, ಕಂಡದ್ದು ಲಿಪ್‌ಸ್ಟಿಕ್’ ಎಂದು ಬರೆದು ಕಳಿಸುತ್ತಿದ್ದರು. ನಾನು ನಕ್ಕೆನೋ ಇಲ್ಲವೋ ಎಂದು ಕನ್ನಡಕದ ಮೇಲಿಂದ ನೋಡುತ್ತಿದ್ದರು. ನಕ್ಕರೆ ಸಾಕು, ತಲೆ ತಗ್ಗಿಸಿ ಮತ್ತೆ ಕೆಲಸಕ್ಕೆ.

ಆ ಮಂಗಳವಾರ ಒಂದು ಕೋಟಿನ ಮೇಲೆ ಬಾಗಿದ್ದೆ. ಸಡಿಲ ಅಂಗಿಯ ಕೊರಳು ಜಾರಿತ್ತು. ಅವರು ನೋಡಿದರು, ಕಣ್ಣು ತಗ್ಗಿಸಿದರು, ಮತ್ತೆ ನೋಡಿದರು. ಕೈಯಲ್ಲಿ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿ ಇತ್ತು.

“ಚೀಟಿಯೋರೆ, ಅಲ್ಲಾಡಬೇಡಿ. ಇವತ್ತು ನಿಮಗೇ ಚೀಟಿ ಬರೀಬೇಕು.”

ಎಡ ಕೊರಳೆಲುಬಿನ ಕೆಳಗೆ ತಣ್ಣಗೆ ಏನೋ ಹರಿಯಿತು.

“ನೇರಳೆ ಬಣ್ಣ. ನೀರಿಗೆ ಬಗ್ಗಲ್ಲ, ಇದಕ್ಕೆ ಬಗ್ಗುತ್ತೆ,” ಎಂದು ಹತ್ತಿಯನ್ನು ಎತ್ತಿ ತೋರಿಸಿದರು. ಅವರ ಕಿವಿ ಕೆಂಪಾಗಿತ್ತು.

ನಾನು ಬಚ್ಚಲಿಗೆ ಓಡಿದೆ.

ಆ ಗುರುತನ್ನು ಹಾಕಿದ್ದು ಆಸ್ಪತ್ರೆಯವರು. ಎರಡು ತಿಂಗಳ ಹಿಂದೆ ನನ್ನ ಎಡ ಮೊಲೆಯಿಂದ ಬಟಾಣಿ ಕಾಳಿನಷ್ಟು ಗಂಟನ್ನೂ ಕಂಕುಳಿನಿಂದ ಎರಡು ಗ್ರಂಥಿಗಳನ್ನೂ ತೆಗೆದಿದ್ದರು. ಕ್ಯಾನ್ಸರ್, ಆದರೆ ಮೊದಲನೇ ಹಂತ, ಗ್ರಂಥಿಗಳಿಗೆ ಹರಡಿಲ್ಲ, ಒಳ್ಳೆಯ ಸುದ್ದಿ ಎಂದಿದ್ದರು ಡಾಕ್ಟರು. ಕ್ಯಾನ್ಸರ್, ಒಳ್ಳೆಯ ಸುದ್ದಿ, ಈ ಎರಡು ಮಾತುಗಳಲ್ಲಿ ಯಾವುದನ್ನು ನಂಬಬೇಕೋ ನನಗೆ ಈವರೆಗೂ ತಿಳಿದಿಲ್ಲ. ಗಾಯ ಮಾಗಿದ ಮೇಲೆ ಹದಿನೈದು ದಿನ ರೇಡಿಯೇಷನ್. ಕಿರಣ ಎಲ್ಲಿ ಬೀಳಬೇಕು ಎಂಬುದಕ್ಕೆ ಮೈಮೇಲೆ ನೇರಳೆ ಗೆರೆಗಳು. ಸೋಪು ಹಾಕಬೇಡಿ, ಉಜ್ಜಬೇಡಿ, ಅಳಿಸಿಹೋದರೆ ಬಂದು ಹೇಳಿ, ನೀವಾಗಿ ಬರೆದುಕೊಳ್ಳಬೇಡಿ ಎಂದು ಮೆಷಿನ್ ರೂಮಿನ ಟೆಕ್ನಿಷಿಯನ್ ಹೆಂಗಸು ಮೊದಲ ದಿನವೇ ಮಗುವಿಗೆ ಹೇಳುವಂತೆ ಹೇಳಿದ್ದಳು. ಐದು ದಿನ ಮುಗಿದಿತ್ತು.

ಅಂಗಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಕ್ಕನಿಗೆ ಗರ್ಭಕೋಶದ ಆಪರೇಷನ್, ಅವಳನ್ನು ನೋಡಿಕೊಳ್ಳಬೇಕು ಎಂದು ರಜೆ ಹಾಕಿದ್ದೆ. ಅಕ್ಕನಿಗೆ ಅದೇ ಸಿಟ್ಟು. “ಹೇಳದೆ ಕೇಳದೆ ನನ್ನ ಗರ್ಭಕೋಶ ತೆಗೆಸಿಬಿಟ್ಟೆಯಲ್ಲೇ. ತರಕಾರಿ ಅಂಗಡೀಲಿ ಸಿಕ್ಕ ನಿಮ್ಮ ಮೇಷ್ಟ್ರು ನನ್ನ ಕೈಯಿಂದ ಚೀಲ ಕಿತ್ಕೊಂಡ್ರು, ಭಾರ ಎತ್ತಬಾರದು ಅಂತ,” ಎಂದು ಗೊಣಗಿದ್ದಳು.

ಯಾಕೆ ಮುಚ್ಚಿಟ್ಟೆ ಎಂದರೆ, ಅವರಿಗಾಗಿಯೇ. ಒಂದು ಬಟ್ಟೆಯನ್ನು ಬೆಳಕಿಗೆ ಹಿಡಿದು ಇದು ಇನ್ನು ಸರಿಹೋಗುವುದಿಲ್ಲ ಎಂದು ಅವರು ಮಡಿಚಿ ಪಕ್ಕಕ್ಕಿಡುವುದನ್ನು ನೂರು ಸಲ ನೋಡಿದ್ದೇನೆ. ಬೈಯುವುದಿಲ್ಲ, ಬೇಸರವನ್ನೂ ತೋರಿಸುವುದಿಲ್ಲ, ತುಂಬ ಮರ್ಯಾದೆಯಿಂದ ಇಡುತ್ತಾರೆ. ಆ ಮರ್ಯಾದೆಯೇ ನನಗೆ ಭಯ. ಭಯಗಳಿಗೇನು ಬರವಿರಲಿಲ್ಲ. ಮೊಣಕೈ ನೋವಾದರೆ ಮೂಳೆಗೆ ಇಳಿಯಿತೇನೋ, ತಲೆ ನೋವಾದರೆ ಮೇಲಕ್ಕೆ ಹತ್ತಿತೇನೋ. ಫೋನು ಬಡಿದುಕೊಂಡರೆ ರಿಪೋರ್ಟು ಬದಲಾಯಿತು ಎಂದು ಹೇಳಲು ಆಸ್ಪತ್ರೆಯವರೇ ಮಾಡಿರಬೇಕು ಅನ್ನಿಸುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಒಂದು ಗಳಿಗೆ ಎಲ್ಲ ಮರೆತಿರುತ್ತದೆ. ಆಮೇಲೆ ನೆನಪಾಗುತ್ತದೆ. ಪ್ರತಿ ದಿನ ಹೊಸದಾಗಿ.

ಬಚ್ಚಲ ಕನ್ನಡಿಯಲ್ಲಿ ನೋಡಿದೆ. ಕೊರಳ ಕೆಳಗಿದ್ದ ಕೂಡಿಸುವ ಚಿಹ್ನೆಯಲ್ಲಿ ಒಂದು ಅಡ್ಡಗೆರೆ ಅರ್ಧ ಉಳಿದಿತ್ತು. ಮಿಕ್ಕದ್ದು ಪೂರ್ತಿ ಹೋಗಿತ್ತು. ಅವರ ಕೈ ಅಂಥದ್ದು, ಮುಟ್ಟಿದರೆ ಕಲೆ ನಿಲ್ಲುವುದಿಲ್ಲ.

ಆಸ್ಪತ್ರೆಗೆ ಫೋನು ಮಾಡಬೇಕಿತ್ತು. ಮಾಡಿದರೆ ಹೇಗೆ ಹೋಯಿತು ಎಂದು ಕೇಳುತ್ತಾರೆ. ಈಗಲೇ ಬನ್ನಿ ಎನ್ನುತ್ತಾರೆ. ಅಂಗಡಿಯಲ್ಲಿ ಎಲ್ಲಿಗೆ ಎಂದು ಕೇಳುತ್ತಾರೆ. ಏಪ್ರನ್ ಜೇಬಿನಲ್ಲಿ ನನ್ನ ಪೆನ್ನು ಇತ್ತು. ಬಟ್ಟೆಯ ಪಟ್ಟಿಯ ಮೇಲೆ ನಂಬರು ಬರೆಯುವ ಪೆನ್ನು, ನೂರು ಸಲ ಒಗೆದರೂ ಹೋಗದ ಇಂಕು. ಈ ಕಸುಬಿಗೆ ಬಂದ ಇಪ್ಪತ್ತು ವರ್ಷದಿಂದ, ಹರಿದ ಪಟ್ಟಿಯ ನಂಬರುಗಳನ್ನು ಮತ್ತೆ ಬರೆದೇ ಅಭ್ಯಾಸ ನನಗೆ. ಕನ್ನಡಿ ನೋಡಿಕೊಂಡು, ನೆನಪಿದ್ದ ಜಾಗದಲ್ಲಿ ಗೆರೆ ಎಳೆದೆ. ಎಳೆದ ಮೇಲೆ ಹೊಳೆಯಿತು, ಕನ್ನಡಿಯಲ್ಲಿ ಎಡ ಬಲ ಬೇರೆ, ನೆನಪಿನ ಎಡ ಬಲ ಬೇರೆ.

ಹೊರಗೆ ಬಂದಾಗ ಅವರು ಮೇಜಿನ ಹತ್ತಿರ ನಿಂತೇ ಇದ್ದರು. ತಪ್ಪಾಯಿತು, ಕೇಳದೆ ಮುಟ್ಟಬಾರದಿತ್ತು ಎಂದರು. ಪರವಾಗಿಲ್ಲ ಎಂದೆ. ಸಂಜೆಯವರೆಗೆ ಅವರ ಕಡೆಯಿಂದ ಬಂದ ಚೀಟಿಗಳಲ್ಲಿ ಒಂದೇ ಒಂದು ತಮಾಷೆ ಇರಲಿಲ್ಲ.

ಮರುದಿನ ಎಂಟು ಗಂಟೆಗೆ ಮೆಷಿನ್ ಕೆಳಗೆ ಮಲಗಿದೆ. ಎಡಗೈ ತಲೆಯ ಮೇಲೆ, ಎದೆ ಬರಿದು. ಗೋಡೆಗಳಿಂದ ಹೊರಟ ಹಸಿರು ಬೆಳಕಿನ ಗೆರೆಗಳು ಮೈಮೇಲೆ ಬಂದು ಕೂತವು. ಟೆಕ್ನಿಷಿಯನ್ ಮೇಜನ್ನು ಸ್ವಲ್ಪ ಸರಿಸಿದಳು, ಮತ್ತೆ ಸರಿಸಿದಳು, ಮೇಲಿನ ಗೆರೆ ಕೂರುತ್ತಿಲ್ಲವಲ್ಲ ಎಂದು ತನ್ನಷ್ಟಕ್ಕೆ ಗೊಣಗಿಕೊಂಡಳು.

ಹೇಳಿದರೆ ಇಷ್ಟು ದಿನದ್ದೆಲ್ಲ ಹಾಳುಮಾಡಿಕೊಂಡಿರಿ ಎನ್ನುತ್ತಾಳೆ. ಹೇಳದಿದ್ದರೆ ಆ ಕಿರಣ ಎಲ್ಲಿ ಬೀಳುತ್ತದೋ. ಗೆರೆಯ ಕೆಳಗೆ, ಪಕ್ಕೆಲುಬಿನ ಒಳಗೆ, ನನ್ನ ಹೃದಯ ಬಡಿದುಕೊಳ್ಳುತ್ತಿತ್ತು. ಇಲ್ಲಿದ್ದೇನೆ, ಇಲ್ಲಿದ್ದೇನೆ ಎಂದು ಅದು ತಾನೇ ಕೂಗಿ ಹೇಳುವ ಹಾಗಿತ್ತು.

“ನಿಲ್ಲಿಸಿ,” ಎಂದೆ. “ಆ ಗೆರೆ ನಾನೇ ಬರೆದದ್ದು.”

ಅವಳು ದೀಪ ಹಾಕಿದಳು. ಬೈದಳು, ಚೆನ್ನಾಗಿಯೇ ಬೈದಳು. ನಿಮ್ಮ ಕೈಗೆ ಪೆನ್ನು ಕೊಟ್ಟವರು ಯಾರು ಎಂದಳು. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿ, ಬೇರೆ ಗುರುತುಗಳು ಇವೆ, ಶುರು ಮಾಡುವ ಮೊದಲು ಚಿತ್ರ ತೆಗೆದು ಹೊಂದಿಸಿ ನೋಡುತ್ತೇವೆ, ತಪ್ಪು ಜಾಗಕ್ಕೆ ಬಿಡುತ್ತಿರಲಿಲ್ಲ ಎಂದು ತಿಳಿಸಿದಳು. ಡಾಕ್ಟರು ಬಂದ ಮೇಲೆ ಹೊಸ ಗುರುತು ಹಾಕಿ ಇವತ್ತೇ ಮಾಡಬಹುದು. ಆದರೆ ಎರಡೆರಡು ಗೆರೆ ಇರುವಂತಿಲ್ಲ, ಇದು ಹೋಗಬೇಕು. ಸ್ಪಿರಿಟ್ ಸೋಕಿಸಿ ನೋಡಿದಳು. ಗೆರೆ ಹಾಗೇ ಇತ್ತು, ಸುತ್ತಲಿನ ಚರ್ಮ ಮಾತ್ರ ಕೆಂಪಾಯಿತು. ಕೂಡಲೇ ನಿಲ್ಲಿಸಿದಳು. ಇದನ್ನು ತೆಗೆಯುವುದು ಯಾರಿಗಾದರೂ ಗೊತ್ತಾ ಎಂದು ಕೇಳಿದಳು.

ಗೊತ್ತಿದ್ದವರು ಒಬ್ಬರೇ.

ಆಸ್ಪತ್ರೆಯ ಗೌನಿನಲ್ಲೇ ಕಾರಿಡಾರಿನ ಮೂಲೆಗೆ ಹೋಗಿ ಫೋನು ಮಾಡಿದೆ. ಹಿಂದೆ ಇಸ್ತ್ರಿ ಯಂತ್ರ ಉಸ್ಸೆನ್ನುವುದು ಕೇಳುತ್ತಿತ್ತು.

“ಮೇಷ್ಟ್ರೆ, ನಂಬರು ಬರಿಯೋ ಇಂಕು ತೆಗೆಯೋದು ಹೇಗೆ?”

“ಯಾವ ಬಟ್ಟೆ? ರೇಷ್ಮೆಯಾ, ಉಲ್ಲನ್ನಾ?”

“ಬಟ್ಟೆ ಅಲ್ಲ. ಚರ್ಮ.”

“ಯಾರದಪ್ಪಾ ಲೆದರ್ ಕೋಟು?”

“ನನ್ನ ಚರ್ಮ.”

ನಾನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿಬಿಟ್ಟೆ. ಗಂಟು, ಆಪರೇಷನ್, ಅಕ್ಕನ ಸುಳ್ಳು, ನೇರಳೆ ಗುರುತು, ಪೆನ್ನು. ಯಂತ್ರದ ಸದ್ದು ನಿಂತಿತು. ಯಾರೋ ನಿಲ್ಲಿಸಿರಬೇಕು.

“ಏನೂ ಹಚ್ಚಬೇಡಿ,” ಎಂದರು ಕೊನೆಗೆ. ದನಿ ಗುರುತು ಸಿಗದಷ್ಟು ಒಣಗಿತ್ತು. “ಥಿನ್ನರ್, ಗಿನ್ನರ್ ಯಾರು ತಂದ್ರೂ ಹತ್ತಿರ ಬಿಡಬೇಡಿ. ಯಾವ ಆಸ್ಪತ್ರೆ?”

ಅರ್ಧ ಗಂಟೆಯಲ್ಲಿ ಬಂದರು. ಏಪ್ರನ್ ಬಿಚ್ಚುವುದನ್ನೂ ಮರೆತಿದ್ದರು. ನನ್ನ ಕಡೆ ಒಂದು ಸಲ ನೋಡಿ ನೇರ ಟೆಕ್ನಿಷಿಯನ್ ಹತ್ತಿರ ಹೋದರು. ಬಾಗಿಲ ಬಳಿ ಇಬ್ಬರೂ ಕಸುಬುದಾರರಂತೆ ಮಾತಾಡಿಕೊಂಡರು. ಈ ಇಂಕು ತೆಗೆಯುವ ರಸ ತಮ್ಮ ಬಳಿ ಇದೆ, ಆದರೆ ಅದು ನೂಲನ್ನೇ ತಿನ್ನುತ್ತದೆ, ಈ ಮೈಗೆ ತಾವಂತೂ ಕೊಡುವುದಿಲ್ಲ ಎಂದರು. ತಾನಾಗಿ ಹೋಗಲು ಒಂದೆರಡು ವಾರ ಬೇಕು. ಹೋಗದ್ದನ್ನು ಉಜ್ಜುವ ಬದಲು, ಅದು ಸುಳ್ಳು ಗೆರೆ ಎಂದು ಯಾರ ಕಣ್ಣಿಗೂ ಕಾಣುವಂತೆ ಮಾಡಲಾಗದೇ ಎಂದು ಕೇಳಿದರು. ಅವಳು ಯೋಚಿಸಿದಳು, ಡಾಕ್ಟರನ್ನು ಕೇಳಿ ಬಂದಳು. ನನ್ನ ಗೆರೆಯ ಮೇಲೆ ಮೃದುವಾದ ಕಾಗದದ ಪಟ್ಟಿ ಅಂಟಿಸಿ ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದಳು. ಫೈಲಿನಲ್ಲೂ ಬರೆದಳು. ಆಮೇಲೆ ಡಾಕ್ಟರು ಚಿತ್ರ ನೋಡಿ, ಅಳೆದು, ಸರಿಯಾದ ಗುರುತು ಹಾಕಿದರು. ಮೆಷಿನ್ ಖಾಲಿಯಾಗಲು ಇನ್ನೂ ಒಂದು ಗಂಟೆ ಇತ್ತು.

ಮೇಷ್ಟ್ರು ಬೆಂಚಿನ ಮೇಲೆ ನನ್ನ ಪಕ್ಕ ಕೂತರು. ನಡುವೆ ಒಬ್ಬರು ಕೂರುವಷ್ಟು ಜಾಗ. ತಮ್ಮ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದರು. ಒರೆಸಿದ್ದು ನಾನಲ್ಲವೇ ಎಂದರು. ನಿಮಗೆ ಹೇಗೆ ಗೊತ್ತಾಗಬೇಕು ಎಂದೆ.

ಇನ್ನು ‘ಏನೂ ಆಗಲ್ಲ’ ಎನ್ನುತ್ತಾರೆ ಎಂದು ಕಾದೆ. ಅಕ್ಕ ಅದನ್ನೇ ಹೇಳಿದ್ದಳು, ನರ್ಸು ಹೇಳಿದ್ದಳು. ಪ್ರತಿ ಸಲ ಅದನ್ನು ಕೇಳಿದಾಗ ನಾನು ಬಾವಿಯೊಳಗೆ ಇನ್ನೊಂದು ಮೆಟ್ಟಿಲು ಇಳಿದ ಹಾಗಾಗುತ್ತಿತ್ತು. ಅವರು ಹೇಳುವ ಮೊದಲೇ ನಾನು ಎಲ್ಲವನ್ನೂ ಅವರ ಮುಂದಿಟ್ಟೆ. ಆ ಕಡೆ ಒಂದು ಗುಳಿ ಬಿದ್ದಿದೆ, ತುಂಬುವುದಿಲ್ಲ. ಇದು ಮುಗಿದ ಮೇಲೆ ಐದು ವರ್ಷ ಮಾತ್ರೆ. ಬಹುಶಃ ವಾಪಸು ಬರುವುದಿಲ್ಲ, ಬಂದರೂ ಬರಬಹುದು, ಬರುವುದೇ ಇಲ್ಲ ಎಂದು ಯಾವ ಡಾಕ್ಟರೂ ಬರೆದುಕೊಡುವುದಿಲ್ಲ.

“ಅಂಗಡೀಲಿ ಕೆಲಸ ಬಿದ್ದಿದೆ,” ಎಂದೆ. “ನೀವು ಹೊರಡಬಹುದು. ನಾನೇನೂ ಅಂದುಕೊಳ್ಳಲ್ಲ.”

ಅವರು ಏಳಲಿಲ್ಲ. ಎದುರಿಗೆ ಕೂತಿದ್ದ ಮುದುಕಿ ನಮ್ಮಿಬ್ಬರನ್ನೂ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು.

“ಬಸ್ಸಲ್ಲಿ ಬರ್ತಾ ಧೈರ್ಯದ ಮಾತು ಹುಡುಕ್ತಾ ಬಂದೆ,” ಎಂದರು. “ಒಂದೂ ಸಿಗಲಿಲ್ಲ. ನನಗೆ ಭಯ ಆಗ್ತಿದೆ. ನೋಡಿ ಕೈ ಹೇಗೆ ನಡುಗ್ತಿದೆ. ಇಂಥವನು ಇಲ್ಲಿ ಕೂತ್ರೆ ನಿಮಗೆ ತೊಂದರೆ ಆಗಲ್ಲ ಅಂದ್ರೆ, ಕೂತಿರ್ತೀನಿ.”

ಎರಡು ತಿಂಗಳಲ್ಲಿ ಮೊದಲ ಸಲ ಯಾರೋ ನಾನಿದ್ದ ಕಡೆಗೇ ಬಂದು ಮಾತಾಡಿದಂತಾಯಿತು. ನಡುವೆ ಇದ್ದ ಜಾಗಕ್ಕೆ ನಾನೇ ಸರಿದು ಕೂತೆ.

ಸ್ವಲ್ಪ ಹೊತ್ತಾದ ಮೇಲೆ ಕೇಳಿದರು, “ಅಂದ್ರೆ ಅಕ್ಕನವರಿಗೆ ಏನೂ ಆಗಿಲ್ಲವಾ?”

“ಗುಂಡುಕಲ್ಲಿನ ಹಾಗಿದ್ದಾಳೆ.”

“ಎರಡು ತಿಂಗಳಿಂದ ಅವರ ಗರ್ಭಕೋಶಕ್ಕೆ ನಾನು ಎಷ್ಟು ಪ್ರಾರ್ಥನೆ ಮಾಡಿದೀನಿ ಗೊತ್ತಾ?”

ನಗು ಬಂದುಬಿಟ್ಟಿತು. ನಕ್ಕರೆ ಹೊಲಿಗೆ ಹಾಕಿದ ಜಾಗ ಇನ್ನೂ ಎಳೆಯುತ್ತದೆ. ಕೈ ಒತ್ತಿ ಹಿಡಿದುಕೊಂಡೆ. ಅವರು ಗಾಬರಿಯಾಗಿ ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಗಾಜಿಲ್ಲದ ಆ ಕಣ್ಣುಗಳನ್ನು ನಾನು ಅಷ್ಟು ಹತ್ತಿರದಿಂದ ಕಂಡಿರಲಿಲ್ಲ. ರೆಪ್ಪೆಯ ತುದಿಗಳು ನೆರೆತಿದ್ದವು.

“ಒಂದು ಹೇಳಿಬಿಡ್ತೀನಿ,” ಎಂದರು. “ನಿನ್ನೆ ಆ ಬಣ್ಣ ಬಟ್ಟೆಗೆ ಹತ್ತುತ್ತೆ ಅಂತ ಒರೆಸಿದ್ದಲ್ಲ. ನಿಮ್ಮನ್ನ ಮುಟ್ಟೋಕೆ ನಾಲ್ಕು ವರ್ಷದಿಂದ ನೆಪ ಹುಡುಕ್ತಿದ್ದೆ. ಸಿಕ್ಕ ನೆಪ ನೋಡಿ ನನ್ನ ಹಣೆಬರಹಕ್ಕೆ.”

ಅವರ ಕೈ ನನ್ನ ಮೊಣಕಾಲಿನ ಹತ್ತಿರವೇ ಇತ್ತು. ಅದನ್ನು ತೆಗೆದು ನನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡೆ. ಸ್ಪಿರಿಟ್ ಒಣಗಿಸಿದ ಒರಟು ಕೈ. ಮುದುಕಿ ಈಗ ಮುಖ ತಿರುಗಿಸಿದಳು.

ಒಳಗಿನಿಂದ ಕರೆದರು. ಎದ್ದೆ. ಒಳಗೆ ಏನು ಮಾಡುತ್ತಾರೆ ಎಂದು ಮೇಷ್ಟ್ರು ಕೇಳಿದರು. ಎಲ್ಲರೂ ಹೊರಗೆ ಹೋಗಿ ಬಾಗಿಲು ಹಾಕುತ್ತಾರೆ, ಬಾಗಿಲ ಮೇಲೆ ಕೆಂಪು ದೀಪ ಹತ್ತುತ್ತದೆ, ನಾನು ಉಸಿರು ಎಳೆದು ಹಿಡಿದುಕೊಳ್ಳಬೇಕು, ಹಿಡಿದರೆ ಹೃದಯ ಕಿರಣದಿಂದ ಒಂದಿಷ್ಟು ದೂರ ಸರಿಯುತ್ತದಂತೆ ಎಂದೆ. ಅವರು ತಲೆಯಾಡಿಸಿದರು.

ಒಳಗೆ ಎಂದಿನ ಚಳಿ, ಎಂದಿನ ಹಸಿರು ಗೆರೆಗಳು. ಬಾಗಿಲು ಮುಚ್ಚಿಕೊಂಡಿತು. ಉಸಿರು ಎಳೆಯಿರಿ, ಹಿಡಿಯಿರಿ ಎಂದಿತು ಸ್ಪೀಕರಿನ ದನಿ. ಮೆಷಿನ್ ಗುಂಯ್ ಎಂದು ನನ್ನ ಸುತ್ತ ತಿರುಗತೊಡಗಿತು. ಹೆದರಿಕೆ ಎಲ್ಲಿಗೂ ಹೋಗಿರಲಿಲ್ಲ, ಪಕ್ಕೆಲುಬಿನ ಕೆಳಗೆ ತನ್ನ ಜಾಗದಲ್ಲೇ ಕೂತಿತ್ತು. ಇಷ್ಟು ದಿನ ಉಸಿರು ಹಿಡಿದಾಗ ಎಣಿಕೆ ಹದಿನಾಲ್ಕಕ್ಕೇ ಬಿಟ್ಟುಬಿಡುತ್ತಿದ್ದೆ, ಮತ್ತೆ ಮತ್ತೆ ಮಾಡಿಸುತ್ತಿದ್ದರು. ಅವತ್ತು ಇಪ್ಪತ್ತರವರೆಗೂ ಹಿಡಿದೆ. ಬಿಟ್ಟೆ. ಮತ್ತೆ ಹಿಡಿದೆ.

ಹೊರಗೆ ಬಂದಾಗ ಅವರು ಬಾಗಿಲಿಗೆ ಎದುರಾಗಿ ಗೋಡೆಗೆ ಒರಗಿ ನಿಂತಿದ್ದರು. ಮುಖ ಕೆಂಪಾಗಿ, ಹಣೆಯ ಮೇಲೆ ಬೆವರು, ಓಡಿ ಬಂದವರಂತೆ ಏದುಸಿರು. ಏನಾಯಿತು ಎಂದು ಗಾಬರಿಯಾಗಿ ಕೇಳಿದೆ.

“ದೀಪ ಹತ್ತಿದ ಕೂಡಲೇ ನಾನೂ ಉಸಿರು ಹಿಡಿದೆ,” ಎಂದರು. “ದೀಪ ಆರೋದೇ ಇಲ್ಲ. ನಾಲ್ಕು ಸಲ ಸೋತೆ. ನೀವು ಹೇಗೆ ತಡೀತೀರಿ?”

ನಡುನಡುವೆ ಉಸಿರು ಬಿಡಲು ಹೇಳುತ್ತಾರೆ ಎಂದು ನಾನು ಆಗಲೇ ತಿಳಿಸಲಿಲ್ಲ. ಅವರ ತೋಳು ಹಿಡಿದುಕೊಂಡು, ಅವರ ಉಸಿರು ಹದಕ್ಕೆ ಬರುವವರೆಗೆ ಅಲ್ಲೇ ನಿಂತೆ. ನಾಳೆ ಎಷ್ಟು ಗಂಟೆಗೆ ಎಂದು ಕೇಳಿದರು.

“ಎಂಟಕ್ಕೆ,” ಎಂದೆ. ಬರಬೇಡಿ ಎನ್ನಲಿಲ್ಲ.