ಮೆಡಿಟರೇನಿಯನ್ನಿಗೆ ಎರಡು ಮಂಚ

"ಯಾವ ತಿಂಗಳು ಹಾಕ್ಲಿ ಟೀಚರ್?" ಎಂದು ಸಾನಿಯಾ ಕೇಳಿದಳು.

"ಫೆಬ್ರುವರಿ" ಎಂದಳು ದ್ರಾಕ್ಷಾಯಿಣಿ.

"ಸೆಪ್ಟೆಂಬರ್" ಎಂದ ದುರುಗೇಶ.

ಇಬ್ಬರ ಮಾತೂ ಒಟ್ಟಿಗೇ ಬಿದ್ದಿತ್ತು. ರಾಣೆಬೆನ್ನೂರಿನ ಬಸ್ ಸ್ಟ್ಯಾಂಡ್ ಹತ್ತಿರದ ಆ ಸಣ್ಣ ಟ್ರಾವೆಲ್ಸ್ ಆಫೀಸಿನಲ್ಲಿ ಸಾನಿಯಾ ಕೀಬೋರ್ಡಿನಿಂದ ಬೆರಳೆತ್ತಿ, ಮೊದಲು ತನಗೆ ಕಲಿಸಿದ ಟೀಚರ ಮುಖ ನೋಡಿದಳು, ಆಮೇಲೆ ಅವರ ಗಂಡನ ಮುಖ ನೋಡಿದಳು. ನಂತರ ಚಹಾ ತರಿಸಿದಳು.

ದ್ರಾಕ್ಷಾಯಿಣಿ ಹಾವೇರಿಯ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಾಳೆ. ಮದುವೆಯಾದ ಮೇಲೆ ಸಂಜೆ ಕಾಲೇಜಿಗೆ ಹೋಗಿ ಓದಿದವಳು. ಪ್ರತಿ ವರ್ಷ ಬೋರ್ಡಿನ ಮೇಲೆ ಮೆಡಿಟರೇನಿಯನ್ ಸಮುದ್ರ ಬರೆಯುತ್ತಾಳೆ, ಅದರೊಳಗೆ ಬೂಟಿನಂಥ ಇಟಲಿಯನ್ನು ಇಳಿಬಿಡುತ್ತಾಳೆ. ಅಲ್ಲಿ ಚಳಿಗಾಲದಲ್ಲಿ ಮಳೆ ಬರುತ್ತದೆ ಎಂದು ಹೇಳುತ್ತಾಳೆ. ಪ್ರತಿ ವರ್ಷ ಯಾವುದೋ ಒಂದು ಮಗು, ನೀವು ನೋಡಿ ಬಂದೀರೇನ್ರಿ ಎಂದು ಕೇಳುತ್ತದೆ. ಇಲ್ಲ ಎನ್ನುತ್ತಾಳೆ. ಆ ದಿನ ಪಾಠ ಮುಗಿಯುವವರೆಗೂ ಯಾರದೋ ಸಾಮಾನನ್ನು ತನ್ನದೆಂದು ತೋರಿಸುತ್ತಿರುವ ಹಾಗೆ ಅನಿಸುತ್ತದೆ. ಸಮುದ್ರ ಅಂತ ಅವಳು ನೋಡಿದ್ದು ಕಾರವಾರದ್ದು ಮಾತ್ರ.

ಇಪ್ಪತ್ತೈದನೆಯ ವಾರ್ಷಿಕೋತ್ಸವಕ್ಕೆ ಏನು ಬೇಕು ಎಂದು ದುರುಗೇಶ ಕೇಳಿದಾಗ ಅವನ ಮನಸ್ಸಿನಲ್ಲಿ ಬಳೆಗಳಿದ್ದವು. ಅವಳು ಹಡಗು ಎಂದಳು. ಅವನು ನಕ್ಕ. ಅವಳು ನಗಲಿಲ್ಲ. ಅವನೂ ನಿಲ್ಲಿಸಿದ.

"ಹಡಗs?"

"ಹಡಗ."

ಮರುವಾರ ಇಬ್ಬರೂ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರು.

ತಿಂಗಳ ವಿಷಯ ಮಾತ್ರ ಇಬ್ಬರೂ ಮಾತಾಡಿರಲಿಲ್ಲ. ದುರುಗೇಶ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಖರೀದಿ ವ್ಯಾಪಾರಿ. ಡಿಸೆಂಬರಿಗೆ ಹೊಸ ಮಾಲು ಬರತೊಡಗಿತೆಂದರೆ ಬೇಸಿಗೆ ಕಳೆಯುವವರೆಗೆ ಅವನು ಮಾರ್ಕೆಟ್ಟಿನವನು. ಮದುವೆಯಾದದ್ದು ಫೆಬ್ರುವರಿಯಲ್ಲಿ, ಸೀಜನ್ನಿನ ನಟ್ಟನಡುವೆ. ಹಾಗಾಗಿ ಅವರ ವಾರ್ಷಿಕೋತ್ಸವವೆಂದರೆ ಹಮಾಲರ ಕೈಲಿ ಮನೆಗೆ ಬಂದ ಒಂದು ಸೀರೆ, ಇಲ್ಲವೇ ತಡವಾಗಿ ಬಂದ ಪೇಢೆ, ಕೆಲವು ವರ್ಷ ಅದೂ ಇಲ್ಲ. ಸೀಜನ್ ಬಂದರೆ ದುರುಗೇಶನ ಹಾಸಿಗೆ ಪಡಸಾಲೆಗೆ ಹೋಗುತ್ತಿತ್ತು, ಮಳೆ ಬಿದ್ದ ಮೇಲೆ ಒಳಗೆ ಬರುತ್ತಿತ್ತು. ತಡವಾಗಿ ಬರುತ್ತಾನೆ, ನಸುಕಿನಲ್ಲಿ ಏಳುತ್ತಾನೆ, ಅದಕ್ಕೆ ಎಂದು ಅವಳು ತಿಳಿದಿದ್ದಳು. ಬೇರೆ ಕಾರಣವೂ ಇರಬಹುದು ಎಂದು ಒಮ್ಮೊಮ್ಮೆ ಅನಿಸಿದ್ದಿದೆ. ಅನಿಸಿದ್ದನ್ನು ಕೇಳುವ ಮೊದಲು, ಕೇಳುವುದು ಸರಿಯೇ ಎಂದು ಯೋಚಿಸುವುದು ಅವಳ ಸ್ವಭಾವ. ಅಷ್ಟರಲ್ಲಿ ಮಳೆ ಬಂದುಬಿಡುತ್ತಿತ್ತು.

ಹಡಗಿನಲ್ಲಿ ಪಡಸಾಲೆ ಇರುವುದಿಲ್ಲ ಎಂದು ಅವಳು ಅಂದುಕೊಂಡಿದ್ದಳು.

ಚಹಾ ಕುಡಿಯುತ್ತ ಸಾನಿಯಾ, ಮದುವೆ ಹೊಸದರಲ್ಲಿ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದಳು. ಎಲ್ಲಿಗೂ ಇಲ್ಲ ಎಂದು ದ್ರಾಕ್ಷಾಯಿಣಿ ತನ್ನ ಯಾವತ್ತಿನ ಕಥೆ ಹೇಳಿದಳು. ಮದುವೆಯಾದ ಮೂರನೆಯ ದಿನವೇ ಇವರು ಮಾರ್ಕೆಟ್ಟಿಗೆ ಹೋದದ್ದು, ಸಂಜೆ ಬಂದು ಇವಳ ಹುಬ್ಬಿಗೆ ಹತ್ತಿದ್ದ ಅರಿಷಿಣ ಒರೆಸಿದ್ದು, ಮೆಣಸಿನಕಾಯಿಯ ಕೈ ಕಣ್ಣಿಗೆ ತಾಗಿ ರೆಪ್ಪೆಗಳು ಊದಿಕೊಂಡದ್ದು, ಅತ್ತೆ ತಣ್ಣನೆಯ ಹಾಲಿನಲ್ಲಿ ಅದ್ದಿದ ಅರಿವೆ ಇಟ್ಟದ್ದು, ಬ್ಯಾಡಗಿಯ ಮೊದಲ ಉಡುಗೊರೆ ಅಂತ ಓಣಿಯ ಹೆಂಗಸರೆಲ್ಲ ನಕ್ಕದ್ದು. ಸಾನಿಯಾ ಹೊಟ್ಟೆ ಹಿಡಿದು ನಕ್ಕಳು. ದುರುಗೇಶ ಎದ್ದು ಗೋಡೆಯ ಮೇಲಿನ ಹಡಗಿನ ಚಿತ್ರ ನೋಡುತ್ತ ನಿಂತ. ಅವಳು ಈ ಕಥೆ ಹೇಳಿದಾಗಲೆಲ್ಲ ಅವನು ಹೀಗೇ ಎದ್ದು ಹೋಗುತ್ತಿದ್ದ. ಕೇಳಿ ಕೇಳಿ ಬೇಸರವಾಗಿರಬೇಕು.

ಸಾನಿಯಾ ಎರಡೂ ತಿಂಗಳ ಹವೆ ವಿವರಿಸಿದಳು. ಸೆಪ್ಟೆಂಬರಿನಲ್ಲಿ ಆಕಾಶ ತಿಳಿ, ಹಡಗುಗಳು ಬೇಕಾದಷ್ಟು. ಫೆಬ್ರುವರಿಯಲ್ಲಿ ಚಳಿ, ಮಳೆ, ಹಡಗುಗಳೂ ಕಡಿಮೆ. ಆದರೂ ಇಟಲಿಯ ಜಿನೋವಾದಿಂದ ಒಂದು ಹೊರಡುತ್ತದೆ. ಹವೆ ಪೂರ್ತಿ ದುರುಗೇಶನ ಪಕ್ಷ ವಹಿಸಿತ್ತು.

"ನಾ ಶಾಲ್ಯಾಗ ರಜಾ ಕೇಳೇನಿ" ಎಂದಳು ದ್ರಾಕ್ಷಾಯಿಣಿ. ದನಿ ಏರಿಸಲಿಲ್ಲ. "ನಮ್ಮ ಲಗ್ನದ ದಿನ ಆದ್ರ ಹೋಗೂನು. ಇಲ್ಲಂದ್ರ ಹಡಗು ಬ್ಯಾಡ."

ದುರುಗೇಶ ಖಾಲಿ ಲೋಟವನ್ನು ಮೇಜಿನ ಮೇಲೆ ಸ್ವಲ್ಪ ಹೊತ್ತು ತಿರುಗಿಸಿದ. "ಫೆಬ್ರುವರಿನ ಹಾಕವಾ" ಎಂದ ಸಾನಿಯಾಳಿಗೆ.

ದ್ರಾಕ್ಷಾಯಿಣಿ ಅವನನ್ನು ಓರೆಯಾಗಿ ನೋಡಿದಳು. ಅವನು ತಿರುಗಲಿಲ್ಲ. ನೋಡುತ್ತಿದ್ದಾಳೆಂದು ಗೊತ್ತಾದಾಗ ಅವನ ಕಿವಿಯ ಹತ್ತಿರ ಒಂದು ನರ ಅಲುಗುತ್ತದೆ. ಅದು ಅಲುಗಿತು. ಅವಳಿಗೆ ಅಷ್ಟು ಸಾಕಾಗಿತ್ತು.

ಆಮೇಲೆ ಅವನು ಕೋಣೆ ಎಷ್ಟು ದೊಡ್ಡದಿರುತ್ತದೆ ಎಂದು ಕೇಳಿದ. ಇಲ್ಲಿಂದ ಆ ಕಪಾಟಿನ ತನಕ ಎಂದು ಸಾನಿಯಾ ಕೈ ಮಾಡಿ ತೋರಿಸಿದಳು. ಗಾಳಿ ಬರುತ್ತದೆಯೇ ಎಂದು ಕೇಳಿದ. ಬಾಲ್ಕನಿ ಇರುವುದನ್ನು ತೆಗೆದುಕೊಂಡರೆ ಬಾಗಿಲು ತೆಗೆಯಬಹುದು ಎಂದಳು. ಅದನ್ನೇ ತೆಗೆದುಕೋ ಎಂದ. ಕೊನೆಗೆ ಇನ್ನೊಂದು ಕೇಳಿದ.

"ಮಂಚ ಎರಡು ಬ್ಯಾರೆ ಬ್ಯಾರೆ ಸಿಗ್ತಾವನು?"

ಸಾನಿಯಾ ಕಂಪ್ಯೂಟರನ್ನು ಬೇಕಾದ್ದಕ್ಕಿಂತ ಹೆಚ್ಚು ಗಮನವಿಟ್ಟು ನೋಡತೊಡಗಿದಳು. ಕೇಳಿ ನೋಡ್ತೇನ್ರಿ ಎಂದಳು.

ಬಸ್ಸು ಮೋಟೆಬೆನ್ನೂರಿನಲ್ಲಿ ಹೈವೇ ಬಿಟ್ಟು ಬ್ಯಾಡಗಿಯ ಕಡೆ ಹೊರಳಿದಾಗ ದುರುಗೇಶ, ಕಿಡಕಿ ಹಾಕಲೇ ಎಂದು ಕೇಳಿದ. ಇರಲಿ ಎಂದಳು. ಕೇಳಿದ ದಿನ ಸಿಕ್ಕಿದೆ, ಹಡಗು ಸಿಕ್ಕಿದೆ, ಬಾಲ್ಕನಿಯೂ ಸಿಕ್ಕಿದೆ, ಇನ್ನೂ ಏನು ಎಂದು ತನ್ನನ್ನೇ ಗದರಿಸಿಕೊಂಡಳು. ಎರಡು ಮಂಚಗಳು ಮಾತ್ರ ಕಣ್ಣೆದುರಿನಿಂದ ಸರಿಯಲಿಲ್ಲ. ನಡುವೆ ಒಬ್ಬರು ಓಡಾಡುವಷ್ಟು ಜಾಗ.

ಅವನು ಎರಡು ಸಲ ಅವಳ ಮುಖ ನೋಡಿದ. ಅವಳು ಹೊಲಗಳನ್ನು ನೋಡುತ್ತಿದ್ದಳು.

ಡಿಸೆಂಬರಿನಲ್ಲಿ ವೀಸಾಕ್ಕೆ ಬೆಂಗಳೂರಿಗೆ ಹೋಗಬೇಕಾಯಿತು. ಅಷ್ಟರಲ್ಲಿ ಮಾರ್ಕೆಟ್ಟಿಗೆ ಮಾಲು ಬರತೊಡಗಿತ್ತು, ಹಾಸಿಗೆ ಪಡಸಾಲೆಗೆ ಹೋಗಿತ್ತು. ವೀಸಾ ಆಫೀಸಿನ ಹುಡುಗಿ ಬೆರಳು ಇಡಿ ಎಂದಾಗ ದುರುಗೇಶ ಗಾಜಿನ ಮೇಲೆ ಕೈ ಇಟ್ಟ. ಬೆರಳುಗಳು ಬೆಳ್ಳಗಿದ್ದವು. ಉಗುರ ಸಂದಿಯಲ್ಲಿ ಸೀಜನ್ನಿನ ಕೆಂಪು ಇರಲಿಲ್ಲ. ವೀಸಾಕ್ಕಾಗಿ ತಿಕ್ಕಿ ತೊಳೆದಿರಬೇಕು ಎಂದುಕೊಂಡಳು.

ವಾಪಸ್ ಬರುವಾಗ ರೈಲಿನಲ್ಲಿ ಪೇರಲ ಹಣ್ಣು ಮಾರುವವನು ಬಂದ. ದುರುಗೇಶ ಉಪ್ಪು ಹಾಕು, ಖಾರ ಬೇಡ ಎಂದ. ಊರು ಯಾವುದೆಂದು ಎದುರಿನವರು ಕೇಳಿದರು. ಬ್ಯಾಡಗಿ ಎಂದಾಗ ಇಡೀ ಬೋಗಿಯೇ ನಕ್ಕಿತು. ದ್ರಾಕ್ಷಾಯಿಣಿಗೂ ನಗೆ ಬಂತು, ಕಿಡಕಿಯ ಕಡೆ ತಿರುಗಿಕೊಂಡಳು. ಅವನು ಹಣ್ಣಿನ ಹೋಳನ್ನು ಅವಳ ಅಂಗೈಯಲ್ಲಿ ಇಟ್ಟ. ಅವಳ ಬಾಯಿಗೆ ಇಡಲಿಲ್ಲ.

ಜನವರಿ ಬಂತು. ಸಾನಿಯಾ ಟಿಕೆಟ್ ಖಾತ್ರಿ ಮಾಡುವ ಕಡೆಯ ದಿನ ತಿಳಿಸಿದಳು. ದ್ರಾಕ್ಷಾಯಿಣಿ ಬೇಡವೆಂದು ಮೆಸೇಜ್ ಬರೆದು ಅಳಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು. ಅವನಿಗೆ ಹೇಳದೆ ಬೇಡ ಎನ್ನುವುದು ಸರಿಯಲ್ಲ ಅನಿಸಿತು. ಮನೆಯಲ್ಲಿ ಹೇಳಲು ಅವನು ಸಿಗುತ್ತಿರಲಿಲ್ಲ. ಶಾಲೆಗೆ ರಜೆಯಿದ್ದ ಒಂದು ಗುರುವಾರ ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಮಾರ್ಕೆಟ್ಟಿಗೆ ನಡೆದಳು.

ಅಂಗಳವೆಲ್ಲ ಕೆಂಪಾಗಿತ್ತು. ಬಿಚ್ಚಿದ ಚೀಲಗಳು, ಸುರಿದ ರಾಶಿಗಳು, ಅವುಗಳ ನಡುವೆ ಸೀನುತ್ತ ಓಡಾಡುವ ಜನ. ದುರುಗೇಶ ಟೆಂಡರ್ ಹಾಕಲು ಹೋಗಿದ್ದ. ಅವನ ಅಂಗಡಿಯ ಮುಂದೆ ರಹಿಮಾನಸಾಬರು ಇದ್ದರು. ದುರುಗೇಶನ ತಂದೆಯ ಕಾಲದಿಂದ ಅಂಗಡಿಯಲ್ಲಿ ದುಡಿಯುತ್ತ ಬಂದವರು. ಒಂದು ಖಾಲಿ ಚೀಲ ಝಾಡಿಸಿ ಹಾಸಿದರು.

"ಕುಂದ್ರಿ ಅಕ್ಕಾರ. ಚಲೋ ಆತು ಬಂದಿದ್ದು. ಸಾವ್ಕಾರ್ರಿಗೆ ನೀವರೆ ಒಂದಿಷ್ಟು ಹೇಳ್ರಿ."

ಅವಳು ಏನೆಂದು ಕೇಳಿದಳು. ಅವರು ಹೇಳಿದ್ದು ಇದು. ಈ ಸೀಜನ್ನಿನಲ್ಲಿ ಸಾವುಕಾರರು ಒಂದೇ ಒಂದು ಚೀಲಕ್ಕೆ ಕೈ ಹಾಕಿಲ್ಲ. ಕೈ ಒಳಗೆ ಹೋದಕೂಡಲೇ ಹಸಿ ಎಷ್ಟು, ಒಣಗಿದ್ದು ಎಷ್ಟು ಎಂದು ಹೇಳುತ್ತಿದ್ದ ಮನುಷ್ಯ. ಈಗ ಇನ್ಸ್‌ಪೆಕ್ಟರ ಹಾಗೆ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರೆ. ರಹಿಮಾನಸಾಬರು ಕಾಯಿ ಮುರಿದು ತೋರಿಸಬೇಕು, ಕಿವಿಯ ಹತ್ತಿರ ಅಲುಗಾಡಿಸಿ ಬೀಜದ ಸಪ್ಪಳ ಕೇಳಿಸಬೇಕು. ಹೀಗಾಗಿ ಆಗಲೇ ಎರಡು ಲಾಟು ಹಸಿ ಮಾಲು ಗಂಟುಬಿದ್ದಿದೆ. ಉಳಿದ ಖರೀದಿದಾರರು, ದೇವರಿಗೆ ಹರಕೆ ಹೊತ್ತೀರೇನು ಎಂದು ಕಾಡುತ್ತಿದ್ದಾರೆ.

"ಯಾಕ್ರಿ ಅಂತ ಕೇಳಿದ್ರ ಹೇಳವಲ್ರು. ಫೆಬ್ರುವರಿಗೆ ಕೈ ಬೇಕಾಗ್ಯಾವ ಅಂತಾರ. ಬಾಡಿಗಿಗೆ ಕೊಟ್ಟೀರೇನ್ರಿ ಸಾವ್ಕಾರ್ರ ಅಂದೆ ನಾ."

ಅವರು ತಮ್ಮ ಮಾತಿಗೆ ತಾವೇ ನಕ್ಕರು. ದ್ರಾಕ್ಷಾಯಿಣಿ ನಗುವುದನ್ನು ಮರೆತಿದ್ದಳು. ಪಕ್ಕದ ರಾಶಿಯಿಂದ ಒಂದು ಕಾಯಿ ತೆಗೆದು ಮುರಿದಳು, ಇನ್ನೊಂದು ತೆಗೆದು ಮುರಿದಳು. ಕೈ ಏನು ಮಾಡುತ್ತಿದೆ ಎಂಬ ಕಡೆ ಲಕ್ಷ್ಯವಿರಲಿಲ್ಲ.

ದುರುಗೇಶ ಬಂದವನು ಅವಳನ್ನು ಕಂಡು ಗಾಬರಿಯಾದ. ಮನೆಯಲ್ಲಿ ಯಾರಿಗಾದರೂ ಆರಾಮಿಲ್ಲವೇ ಎಂದ. ಎಲ್ಲರೂ ಆರಾಮ ಎಂದಳು. ಇಬ್ಬರೂ ಅಂಗಡಿಯ ಒಳಗೆ ಹೋದರು. ಚೀಲಗಳ ನಡುವೆ ಇಬ್ಬರು ನಿಲ್ಲುವಷ್ಟು ಜಾಗವಿತ್ತು, ಸುಮಾರು ಸಾನಿಯಾ ತೋರಿಸಿದ ಕೋಣೆಯಷ್ಟೇ. ಟಿಕೆಟ್ ಬೇಡ ಎನ್ನಲು ಬಂದವಳು ಬೇರೆಯದನ್ನು ಕೇಳಿದಳು.

"ಕೈಗೆ ಏನಾಗೇತ್ರಿ?"

ಅವನು ಎರಡೂ ಕೈಗಳನ್ನು ಹಿಂದೆ ಸರಿಸಿದ. "ಏನಿಲ್ಲ."

"ಹಂಗಾರ ತೋರಸ್ರಿ."

ಅವನು ತೋರಿಸಿದ. ಮಳೆಗಾಲದ ಕೈಗಳು, ಕೆಂಪಿಲ್ಲದವು. ಅವನು ಚೀಲಗಳನ್ನು ನೋಡುತ್ತ ಮಾತಾಡಿದ.

"ನೀ ಆ ಕಥಿ ಎಲ್ಲಾರ ಮುಂದೂ ನಕ್ಕೋತ ಹೇಳ್ತಿ. ನನಗ ನಗು ಬರಂಗಿಲ್ಲ. ಅವತ್ತು ನಿನ್ನ ಕಣ್ಣ ಮುಚ್ಚಿದ್ವು, ಊದಿದ್ವು. ಹಾಲಿನ ಅರಿವಿ ಕೆಳಗ ಇಟ್ಟು, ಕೈ ಚಾಚಿ ನನ್ನ ಹುಡುಕಿದಿ. ನಾ ಬಾಗಿಲದಾಗs ನಿಂತಿದ್ದೆ. ಹತ್ರ ಬರಾಕ ಅಂಜಿದೆ."

ಕೈ ಚಾಚಿದ್ದು ಅವಳಿಗೆ ನೆನಪಿರಲಿಲ್ಲ. ಹೆಂಗಸರ ನಗು ನೆನಪಿತ್ತು, ಹಾಲಿನ ತಂಪು ನೆನಪಿತ್ತು.

"ಅದಕ್ಕ ಪಡಸಾಲಿ?" ಎಂದಳು.

"ಅದಕ್ಕ. ಮಲಗಿದಾಗ ಕೈ ಎಲ್ಲಿ ಹೋಗ್ತಾವ ಯಾರಿಗೆ ಗೊತ್ತು. ಹಡಗಿನ ಖೋಲಿ ಸಣ್ಣದು ಅಂದ್ಲು ಆ ಹುಡುಗಿ. ಸೀಜನ್ನಿನ ಘಾಟು ಎಷ್ಟು ತೊಳದ್ರೂ ಲಗೂ ಹೋಗಂಗಿಲ್ಲ. ಸೆಪ್ಟೆಂಬರ್ ಅಂದೆ, ನೀ ಒಲ್ಲೆ ಅಂದಿ. ಎರಡು ಮಂಚ ಅಂದೆ. ಆಮ್ಯಾಲೆ ಬಸ್ಸಿನ್ಯಾಗ ನಿನ್ನ ಮಾರಿ ನೋಡಿದೆ. ಮಂಚ ಬ್ಯಾರೆ ಇಡೂದಕ್ಕಿಂತ ಕೈ ಬ್ಯಾರೆ ಇಡೂದು ಚಲೋ ಅನಿಸ್ತು."

ಹೊರಗೆ ಯಾರೋ ಒಂದರ ಹಿಂದೆ ಒಂದು ಸೀನಿದರು. ದ್ರಾಕ್ಷಾಯಿಣಿಯ ಕಣ್ಣಲ್ಲಿ ನೀರು ತುಂಬಿತ್ತು. ಘಾಟಿಗೆ ಬಂದದ್ದು ಎಷ್ಟು, ಉಳಿದದ್ದಕ್ಕೆ ಬಂದದ್ದು ಎಷ್ಟು ಎಂದು ಅವಳೂ ಹೇಳಲಾರಳು.

"ನನಗ ಹೇಳಬೇಕಿತ್ತು."

"ಶಾಲ್ಯಾಗ ಎಲ್ಲಾ ಹುಡುಗೂರಿಗೂ ಪ್ರಶ್ನಿ ಕೇಳ್ತಿ. ಮನ್ಯಾಗ ಒಂದೂ ಕೇಳಂಗಿಲ್ಲ ಟೀಚರ್ರ."

ಅವಳು ಕಣ್ಣೊರೆಸಿಕೊಳ್ಳಲು ಕೈ ಎತ್ತಿದಳು. ದುರುಗೇಶ ಥಟ್ಟನೆ ಅವಳ ಮಣಿಕಟ್ಟು ಹಿಡಿದ. ಅಂಗೈ ತಿರುಗಿಸಿ ನೋಡಿದ. ಬೆರಳ ತುದಿಯಿಂದ ಬುಡದವರೆಗೆ ಕೆಂಪು ಹತ್ತಿತ್ತು, ಒಂದು ಬೀಜ ಅಂಟಿಕೊಂಡಿತ್ತು. ಅವನು ಮೊದಲು ಹೆದರಿದ, ಆಮೇಲೆ ಅವನಿಗೆ ನಗು ಬಂತು. ಬಹಳ ದಿನಗಳ ಮೇಲೆ ಅವನು ಹೀಗೆ, ಹಲ್ಲು ಕಾಣುವ ಹಾಗೆ ನಕ್ಕಿದ್ದು.

"ಈಗ ನೀ ಪಡಸಾಲ್ಯಾಗ" ಎಂದ.

"ಸಾನಿಯಾಗ ಫೋನ್ ಹಚ್ರಿ" ಎಂದಳು.

ಅವಳ ಕೈ ಫೋನ್ ಹಿಡಿಯುವ ಹಾಗಿರಲಿಲ್ಲ. ದುರುಗೇಶನೇ ತನ್ನ ಫೋನಿನಿಂದ ಹಚ್ಚಿ ಅವಳ ಕಿವಿಗೆ ಹಿಡಿದ. ಅವಳು ಟಿಕೆಟ್ ಖಾತ್ರಿ ಮಾಡು ಎಂದಳು. ಆಮೇಲೆ ದನಿ ತಗ್ಗಿಸಿ, ಎರಡು ಮಂಚ ಅಂದಿದ್ದೆವಲ್ಲ, ಅದು ಬೇಡ ಎಂದಳು. ಆ ಕಡೆಯಿಂದ ಸಾನಿಯಾಳ ದನಿ ಇಬ್ಬರಿಗೂ ಕೇಳಿಸಿತು.

"ಎರಡು ಅಂತ ನಾ ಬರದs ಇಲ್ರಿ ಟೀಚರ್."

ಕರೆ ಮುಗಿಯಿತು. ಫೋನಿನ ಬೆಳಕು ಆರಿತು. ದುರುಗೇಶ ಫೋನ್ ಜೇಬಿಗೆ ಹಾಕಿಕೊಂಡು, ಅದನ್ನು ಹಿಡಿದಿದ್ದ ಕೈಯನ್ನು ಮತ್ತೆ ಅವಳ ಕಿವಿಯ ಹತ್ತಿರಕ್ಕೇ ತಂದ. ಹೆಬ್ಬೆರಳು ಅವಳ ಕಣ್ಣಿನ ಕೆಳಗಿನ ನೀರಿನ ತನಕ ಬಂದು ಅಲ್ಲಿ ನಿಂತಿತು, ಅಪ್ಪಣೆಗೆ ಕಾಯುವ ಹಾಗೆ. ಅವಳು ತನ್ನ ಎರಡೂ ಕೆಂಪು ಕೈಗಳನ್ನು ಅವನಿಗೆ ತಾಗದಂತೆ ಅಗಲಿಸಿ ಹಿಡಿದು, ಮುಖವನ್ನು ಆ ಅಂಗೈಯ ಮೇಲೆ ಇಟ್ಟಳು.

ಹೊಸ ಲಾಟು ಬಂದಿದೆ ಎಂದು ರಹಿಮಾನಸಾಬರು ಹೊರಗಿನಿಂದ ಕರೆದರು. ಇನ್ನೊಮ್ಮೆ ಕರೆದರು.

"ನೀವs ನೋಡ್ರಿ" ಎಂದ ದುರುಗೇಶ, ಕೈ ತೆಗೆಯದೆ.