ಕಹಿ ಹೋದ ಔಷಧಿ

"ಮೇಷ್ಟ್ರೇ, ನನ್ನ ಕೈಗೆ ಬೇಡಿ ಬೀಳ್ತೈತ್ರಿ."

ಔಷಧಿ ಅಂಗಡಿಯ ಮನೋಹರ್ ಹೀಗೆನ್ನುತ್ತ ಬಂದಾಗ ನಾನು ಜಂಬಯ್ಯನ ಪಡಸಾಲೆಯಲ್ಲಿ ಮೂರನೇ ಸಲ ಕುರ್ಚಿ ಒರೆಸುತ್ತಿದ್ದೆ. ಅದಿರು ಲಾರಿಗಳ ಆ ಕಾಲದಲ್ಲಿ ಹೊಸಪೇಟೆಯ ನಾವು ಅನ್ನದ ಜೊತೆ ಕೆಂಧೂಳನ್ನೂ ಉಣ್ಣುತ್ತಿದ್ದೆವು. ಜಂಬಯ್ಯ ನಿವೃತ್ತ ವಿಜ್ಞಾನದ ಮೇಷ್ಟ್ರು, ನಾನು ಅದೇ ಶಾಲೆಯ ಡ್ರಿಲ್ ಮೇಷ್ಟ್ರು. ಊರಿನ ಗಂಟುಗಳನ್ನು ಬಿಡಿಸುವುದು ಅವನ ಕೆಲಸ, ರೇಗುವುದು ನನ್ನದು.

ಕಂಪ್ಲಿಯ ನೀಲಗಂಗಮ್ಮನವರಿಗೆ ಹೃದಯದ ಕಾಯಿಲೆ. ಲಕ್ವ ಹೊಡೆದ ಮೇಲೆ ಮಾತ್ರೆ ನುಂಗಲಾರರು. ಮೂತ್ರಪಿಂಡವೂ ಸೋತದ್ದರಿಂದ ಔಷಧಿ ಒಂದಿಷ್ಟು ಹೆಚ್ಚಾದರೂ ವಿಷ. ಡಾಕ್ಟರು ಬರೆದ ಅಳತೆಗೆ ಮನೋಹರ್ ನಾಲಿಗೆಯ ಮೇಲೆ ಕರಗುವ ತೆಳು ಹಾಳೆ ಮಾಡಿಕೊಡುತ್ತಿದ್ದ.

"ಹೆಂಗ ಮಾಡ್ತಿ?" ಜಂಬಯ್ಯ ಕೇಳಿದ.

"ಔಷಧಿ ಅಂಟಿನಾಗ ಕಲಸಿ ಗಾಜಿನ ಮ್ಯಾಲ ಹರವ್ತೀನ್ರಿ. ಧೂಳಿನ ಕಾಟಕ್ಕ ಮುಚ್ಚಿದ ಪೆಟ್ಟಿಗ್ಯಾಗ ಒಣಗಿಸಿ ಚೌಕ ಕತ್ತರಿಸ್ತೀನಿ. ವಾರಕ್ಕೊಮ್ಮೆ ಅವರ ಮಗ ವಿರೂಪಾಕ್ಷಪ್ಪನವರು ಸಂಡೂರಿನ ತಮ್ಮ ಅದಿರಿನ ಯಾರ್ಡಿಂದ ಬಂದು ಒಯ್ದು ಕಂಪ್ಲಿಗೆ ಮುಟ್ಟಿಸ್ತಾರ. ಈಗ ಅವ್ವಾರಿಗೆ ಉಸಿರು ಹತ್ತಂಗಿಲ್ಲ, ಕಾಲು ಬಾತಾವ. ನಾ ಔಷಧಿನ ಹಾಕಿಲ್ಲ ಅಂತ ವಿರೂಪಾಕ್ಷಪ್ಪನವರ ದೂರು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನನಗೆ ರೇಗಿತು. ಜಂಬಯ್ಯ ಮಾತ್ರ ಹೊಸ ಹಾಳೆಗಳನ್ನು ಮಾಡಿಸಿಕೊಂಡು ನನ್ನೊಡನೆ ಬಸ್ಸು ಹತ್ತಿದ.

ಕಂಪ್ಲಿಯ ಸುತ್ತ ಬರೀ ಭತ್ತದ ಹಸಿರು. ಬಸ್ಸಿಳಿದು ಬಹಳ ದೂರ ನಡೆದರೂ ನನ್ನ ಅಂಗಿ ಬಿಳಿಯಾಗಿಯೇ ಉಳಿದದ್ದು ನನಗೇ ಸೋಜಿಗ. ನೀಲಗಂಗಮ್ಮನವರು ಇದ್ದದ್ದು ಮಗಳು ತಾಯಕ್ಕನ ಮನೆಯಲ್ಲಿ, ಅವಳದೇ ಅಕ್ಕಿ ಗಿರಣಿಯ ಹಿಂದೆ.

"ದಿನಾ ನಾನ ನಾಲಿಗಿ ಮ್ಯಾಲ ಇಡ್ತೀನ್ರಿ," ಎಂದಳು ತಾಯಕ್ಕ. "ಮೊದಲ ಭಾಳ ಕಹಿ ಅಂತಿದ್ಲು. ಒಂದು ತಿಂಗಳಿಂದ ಕಹಿನ ಇಲ್ಲವ್ವಾ ಅಂತಾಳ. ಅಂಗಡ್ಯಾವ್ರು ಔಷಧಿ ಸುಧಾರಿಸ್ಯಾರ ಅನಕೊಂಡ್ವಿ."

ಉಳಿದಿದ್ದ ಹಾಳೆಯೊಂದನ್ನು ಜಂಬಯ್ಯ ಬೆಳಕಿಗೆ ಹಿಡಿದ. ಅದರಲ್ಲಿ ಸಣ್ಣ ಕೆಂಪು ಚುಕ್ಕೆಗಳಿದ್ದವು, ಕರವಸ್ತ್ರದಿಂದ ಒರೆಸಿದರೂ ಹೋಗಲಿಲ್ಲ. ಮನೋಹರ್ ನಮ್ಮ ಕೈಗೆ ಕೊಟ್ಟ ಹಾಳೆ ಮಾತ್ರ ತಿಳಿಯಾಗಿತ್ತು. ಡಾಕ್ಟರಿಗೆ ಫೋನು ಮಾಡಿ, ಅದನ್ನೇ ಕೊಡುವಂತೆ ಹೇಳಿ ಬಂದೆವು.

ವಾರದೊಳಗೆ ಮುದುಕಿ ದಿಂಬಿಗೊರಗಿ ಕೂರುವಂತಾದರು. ಆಗ ಜಂಬಯ್ಯ ಎಲ್ಲರನ್ನೂ ಅವರ ಮಂಚದ ಸುತ್ತ ಸೇರಿಸಿದ. ಮನೋಹರನನ್ನು ಹಿಡಿಸಲೆಂದು ವಿರೂಪಾಕ್ಷಪ್ಪನೇ ಪೊಲೀಸ್ ಠಾಣೆಯ ಎರ್ರಿಯಪ್ಪನನ್ನು ಕರೆತಂದಿದ್ದ. ವಿರೂಪಾಕ್ಷಪ್ಪನ ಬೆರಳಿಗೊಂದು ಉಂಗುರ, ಮೈತುಂಬ ಅತ್ತರು.

ಜಂಬಯ್ಯ ತಟ್ಟೆಯಲ್ಲಿ ಎರಡು ಹಾಳೆಗಳನ್ನಿಟ್ಟು ಟಿಂಚರ್ ಅಯೋಡಿನ್ ಹನಿಸಿದ. ಮನೋಹರನ ಹಾಳೆ ಕಂದು ಬಣ್ಣಕ್ಕೆ ತಿರುಗಿತು, ಅಷ್ಟೆ. ಮನೆಯಲ್ಲಿ ಉಳಿದಿದ್ದ ಹಾಳೆ ಕಡುನೀಲಿಯಾಗಿ ಕಪ್ಪಿಟ್ಟಿತು.

"ಏಳನೇ ತರಗತಿ ಪಾಠ," ಎಂದ ಜಂಬಯ್ಯ. "ಇದು ಗಂಜಿ. ಅಕ್ಕಿ ಗಂಜಿ ತೆಳ್ಳಗ ಹರವಿ ಒಣಗಿಸಿದ್ದು. ಮನೋಹರನ ಅಂಟಿನಾಗ ಗಂಜಿ ಇಲ್ಲ."

"ಅಕ್ಕಿ ಗಿರಣಿ ಯಾರದು, ನೋಡ್ರಿ ಮತ್ತ," ಎಂದು ವಿರೂಪಾಕ್ಷಪ್ಪ ತಂಗಿಯತ್ತ ಕೈ ತೋರಿಸಿದ. ತಾಯಕ್ಕ ಅವ್ವನ ಕೈ ಹಿಡಿದುಕೊಂಡಳು. ಒಡಹುಟ್ಟಿದವಳ ತಲೆಗೆ ಅಷ್ಟು ಸಲೀಸಾಗಿ ಕಟ್ಟಿದ ಅವನನ್ನು ಕಂಡು ನನಗೆ ಹೇಸಿಗೆಯಾಯಿತು.

"ಅಕ್ಕಿ ಎಲ್ಲರ ಮನ್ಯಾಗೂ ಐತಿ," ಎಂದ ಜಂಬಯ್ಯ. "ಈ ಕೆಂಪು ಚುಕ್ಕಿ ಒರೆಸಿದ್ರ ಹೋಗಂಗಿಲ್ಲ. ಗಂಜಿ ಹಸಿ ಇದ್ದಾಗ ಬಿದ್ದು, ಅದರಾಗ ಒಣಗಿದ ಅದಿರಿನ ಧೂಳು. ಕಂಪ್ಲ್ಯಾಗ ಅದಿರಿಲ್ಲ. ಮನೋಹರ ಮುಚ್ಚಿ ಒಣಗಿಸ್ತಾನ. ಅವನ ಅಂಗಡಿಗೂ ಈ ಮನಿಗೂ ನಡುವೆ ಪೊಟ್ಟಣ ಮುಟ್ಟಿದವ್ರು ನೀವೊಬ್ರ. ಸಂಡೂರಿನ ನಿಮ್ಮ ಅದಿರಿನ ಯಾರ್ಡಿನಾಗ ಬಯಲಿಗೆ ಒಣಗಿಸೀರಿ. ಆ ಧೂಳಿನಾಗ ಇದ್ದು ಇದ್ದು ಅದು ನಿಮ್ಮ ಕಣ್ಣಿಗೆ ಕಾಣಂಗಿಲ್ಲ."

"ಯಾಕ ಮಾಡಲ್ರಿ? ನನಗೇನು ಕಡಿಮಿ ಐತಿ?"

ಉತ್ತರ ಮಂಚದ ಮೇಲಿಂದ ಬಂತು. "ಚೋರನೂರಿನ ಹೊಲ," ಎಂದರು ನೀಲಗಂಗಮ್ಮ. "ಅದರ ಬುಡಕ ಅದಿರು ಐತಂತ. ನಾ ಇರೋತನಕ ಅಗಿಯಾಕ ಬಿಡಂಗಿಲ್ಲ ಅಂದಿದ್ದೆ."

ಮಗಳ ಕೈಯಿಂದಲೇ ತಾಯಿಗೆ ದಿನವೂ ಸುಳ್ಳು ಔಷಧಿ. ಸತ್ತರೆ ಹೊಲ ಇವನಿಗೆ, ಕೊಲೆಯ ಆಪಾದನೆ ಅಂಗಡಿಯವನಿಗೆ. ಉಂಡ ಮನೆಯ ಗಳ ಹಿರಿಯುವವರನ್ನು ಕಂಡಿದ್ದೆ. ಹಾಲೂಡಿದ ತಾಯಿಯ ಬಾಯಿಗೇ ಗಂಜಿಯ ಮೋಸ ಹಾಕಿದವನನ್ನು ಅಂದೇ ಕಂಡದ್ದು. ಅವನ ಅತ್ತರಿನ ವಾಸನೆ ತಾಳದೆ ಕಿಟಕಿಯ ಬಳಿ ಹೋಗಿ ನಿಂತೆ.

ಎರ್ರಿಯಪ್ಪ ಮನೋಹರನ ಪಕ್ಕದಿಂದ ಎದ್ದು ಬಂದು ವಿರೂಪಾಕ್ಷಪ್ಪನ ತೋಳು ಹಿಡಿದ. ಮಗ ಮಂಚದತ್ತ ಬಾಗಿ, "ಯವ್ವಾ, ನೀನರ ಹೇಳು," ಎಂದ.

ನಮ್ಮಲ್ಲಿ ಹೆಣ ಎತ್ತುವ ಮುನ್ನ ಮಗ ಬಾಯಿಗೆ ನಾಲ್ಕು ಕಾಳು ಅಕ್ಕಿ ಹಾಕುತ್ತಾನೆ. ಮುದುಕಿ ಅವನನ್ನೇ ನೋಡಿದರು.

"ಸತ್ತಾಗ ನನ್ನ ಬಾಯಿಗೆ ಅಕ್ಕಿ ಹಾಕಾಕ ನೀ ಬರಬ್ಯಾಡಪ್ಪ," ಎಂದರು. "ಬದುಕಿದ್ದಾಗ ಹಾಕಿ ಮುಗಿಸೀದಿ."

ಆಮೇಲೆ ಮಗಳ ಕಡೆಗೆ ತಿರುಗಿ ಬಾಯಿ ತೆರೆದರು. ತಾಯಕ್ಕ ಕಣ್ಣೊರೆಸಿಕೊಂಡು ಅಂದಿನ ಹಾಳೆಯನ್ನು ನಾಲಿಗೆಯ ಮೇಲಿಟ್ಟಳು. ನೀಲಗಂಗಮ್ಮ ಮುಖ ಕಿವುಚಿದರು.

"ಕಹಿ ಐತಿ," ಎಂದರು. "ನಾಳೆನೂ ಇದನ್ನ ಕೊಡವ್ವ."